ಊರಿಗೊಂದು ಜಾಲತಾಣ
(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಉತ್ಸವ ಸಮಿತಿಯವರು ನಮಗೆ ಗೊತ್ತುಮಾಡಿಕೊಟ್ಟ ವಿಷಯ ‘ಊರಿಗೊಂದು ಜಾಲತಾಣ’. ನಾವು ಓದಿದ್ದು ಕನ್ನಡ ಎಂ.ಎ. ಗಣಕಯಂತ್ರವನ್ನು ಮೊದಲು ಮುಟ್ಟಿದ್ದು ಬಿ.ಎಡ್. ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ. ಆದಕಾರಣ ಇದನ್ನು ತಂತ್ರಜ್ಞರ ಉಪನ್ಯಾಸವೆಂದು ಯಾರೂ ಭಾವಿಸಬಾರದು. ಆದವಾನಿ ಸೀಮೆಯ ಕನ್ನಡಿಗರಿಗಾಗಿ ಶಾಲೆಯ ಕಡೆಯಿಂದ ಒಂದು ಪುಟ್ಟ ಜಾಲತಾಣವನ್ನು ಕಟ್ಟಿ, ಒಮ್ಮೆ ಕಳೆದುಕೊಂಡು, ಮತ್ತೆ ಕಟ್ಟಿದವರು ನಾವು. ಆ ಅನುಭವವನ್ನಷ್ಟೇ ನಿಮ್ಮ ಮುಂದಿಡುತ್ತೇವೆ.

ಇಂಥದೊಂದು ತಾಣ ನಮಗೇಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಈ ಶಾಲೆ ಆರಂಭವಾದಾಗ ಆದವಾನಿಯು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ವಾದ ಎದ್ದು, ನ್ಯಾಯಮೂರ್ತಿ ಮಿಶ್ರ ಅವರ ವಿಚಾರಣೆಯ ಬಳಿಕ ಅದು ಮೈಸೂರಿಗೆ ಹೋಯಿತು. ನಾವೂ ಆಲೂರಿನವರೂ ಕರ್ನೂಲು ಜಿಲ್ಲೆಯವರಾದೆವು. ಶಾಲೆಯ ಕಟ್ಟಡ ಒಂದು ಅಡಿಯೂ ಅಲುಗಲಿಲ್ಲ, ಜಿಲ್ಲೆ ಮಾತ್ರ ಬದಲಾಯಿತು.

ಆದರ ಫಲವೇನೆಂದರೆ, ನಮ್ಮ ಹಿಂದಿನ ಕಾಲವೆಲ್ಲ ಬಳ್ಳಾರಿಯ ಕಪಾಟಿನಲ್ಲಿ ಉಳಿಯಿತು, ಇಂದಿನ ಕಾಗದಪತ್ರಗಳು ಕರ್ನೂಲಿನಲ್ಲಿವೆ. ಆದವಾನಿಯ ಕೋಟೆ, ಹತ್ತಿಯ ವ್ಯಾಪಾರ, ಬರಗಾಲಗಳ ವಿವರ ಬೇಕೆಂದರೆ 1904ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರನ್ನು ತೆರೆಯಬೇಕು. ನಮ್ಮ ಸುತ್ತಲ ಕನ್ನಡ ಶಾಸನಗಳನ್ನು ನೋಡಬೇಕೆಂದರೆ 1939ರಲ್ಲಿ ಹೊರಬಂದ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಹುಡುಕಬೇಕು. ಈಗಿನ ಹುಡುಗರಿಗೆ ಇದನ್ನು ಯಾರು ಹೇಳಬೇಕು? ಕನ್ನಡ ಪತ್ರಿಕೆಗಳಲ್ಲಿ ನಮ್ಮ ಸೀಮೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಮಂತ್ರಾಲಯದ ರಾಯರ ಆರಾಧನೆಗೆ, ಇಲ್ಲವೇ ವಿಜಯದಶಮಿಯ ರಾತ್ರಿ ದೇವರಗುಡ್ಡದಲ್ಲಿ ನಡೆಯುವ ಬಡಿಗೆಯ ಬಡಿದಾಟಕ್ಕೆ. ತೆಲುಗು ಪತ್ರಿಕೆಗಳು ಊರಿನ ಸುದ್ದಿಯನ್ನು ಕೊಡುತ್ತವೆ, ನಾವೂ ಓದುತ್ತೇವೆ. ಆದರೆ ಕನ್ನಡ ಮಾಧ್ಯಮದ ಮಗುವಿನ ಪ್ರಶ್ನೆಪತ್ರಿಕೆಯ ಚಿಂತೆ ಅವುಗಳದಲ್ಲ, ಆಗಬೇಕೆಂದು ನಾವು ಕೇಳುವಂತೆಯೂ ಇಲ್ಲ.

ಅಂತರಜಾಲದಲ್ಲಿ ಕನ್ನಡ ಬೆಳೆದದ್ದೂ ಕೆಲವೇ ಜನರ ಬಿಡುವಿನ ವೇಳೆಯ ದುಡಿಮೆಯಿಂದ ಎಂಬುದು ನಮಗೆ ಧೈರ್ಯ ಕೊಟ್ಟಿತು. ಡಾ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವನ್ನು ಆರಂಭಿಸಿದರು. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದರು. 2003ರಲ್ಲಿ ಕನ್ನಡ ವಿಕಿಪೀಡಿಯ ಮೊದಲಾಯಿತು, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ಬಂತು. ನಮ್ಮ ತಾಣ ಇವುಗಳ ಸಾಲಿನಲ್ಲಿ ನಿಲ್ಲುವಂಥದಲ್ಲ. ಆದರೆ ಒಬ್ಬಿಬ್ಬರು ಕುಳಿತರೆ ಕೆಲಸ ಆಗುತ್ತದೆ ಎಂಬುದನ್ನು ಇವರಿಂದ ಕಲಿತೆವು. ಒಬ್ಬರೇ ಕುಳಿತರೆ ಏನಾಗುತ್ತದೆ ಎಂಬುದನ್ನು ನಾವೇ ಕಲಿತೆವು.

ಮೊದಲ ತಾಣವನ್ನು ಕಟ್ಟಿಕೊಟ್ಟವರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ. ಅತ್ಯಂತ ಪ್ರೀತಿಯಿಂದ, ಒಂದು ರೂಪಾಯಿಯನ್ನೂ ಮುಟ್ಟದೆ ಮಾಡಿಕೊಟ್ಟರು. ತಾಣದ ಹೆಸರನ್ನು ತಮ್ಮ ಹೆಸರಿನಲ್ಲೇ ಕೊಂಡು, ವರ್ಷದ ಹಣವನ್ನು ತಮ್ಮ ಬ್ಯಾಂಕ್ ಕಾರ್ಡಿನಿಂದಲೇ ಕಟ್ಟುತ್ತಿದ್ದರು. ನಾವು ಕೋಟೆಯ ಚಿತ್ರ, ಪೆದ್ದತುಂಬಳಂನ ಗುಡಿಗಳ ಚಿತ್ರ, ಶಾಲೆಯ ಇತಿಹಾಸ ಎಲ್ಲವನ್ನೂ ಏರಿಸಿದೆವು. ಮುದ್ರಣಕ್ಕೆಂದು ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದ ಲೇಖನಗಳನ್ನು ಹಾಗೆಯೇ ಹಾಕಿದ್ದರಿಂದ, ಗಣಕಯಂತ್ರದಲ್ಲಿ ಚೆನ್ನಾಗಿ ಕಾಣುತ್ತಿದ್ದುದು ಪಾಲಕರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ ಒಂದೊಂದು ಒತ್ತಕ್ಷರವನ್ನೂ ತಿದ್ದುವುದರಲ್ಲಿ ಒಂದು ಬೇಸಿಗೆ ರಜೆ ಕಳೆಯಿತು.

ಆ ತಾಣದಲ್ಲಿ ನಾವು ಅತ್ಯಂತ ಬೆಲೆಯುಳ್ಳದ್ದೆಂದು ತಿಳಿದಿದ್ದುದು ಒಂದು ಧ್ವನಿಮುದ್ರಣ. 1953ರಲ್ಲಿ ಇದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹಿರಿಯರೊಬ್ಬರನ್ನು ಅವರ ಮನೆಯ ಪಡಸಾಲೆಯಲ್ಲಿ ಕೂಡಿಸಿ ಸುಮಾರು ಒಂದು ಗಂಟೆ ಮಾತನಾಡಿಸಿದ್ದೆವು. ಜಿಲ್ಲೆ ಬದಲಾದ ಆ ವರ್ಷ ಶಾಲೆಯ ಹಾಜರಿ ಪುಸ್ತಕ ಯಾವ ಭಾಷೆಯಲ್ಲಿ ಬಂತು, ಯಾವ ಮಕ್ಕಳು ಬಳ್ಳಾರಿಗೆ ಹೊರಟುಹೋದರು, ಯಾರು ಉಳಿದರು ಎಂದೆಲ್ಲ ಅವರು ಹೇಳಿದ್ದರು. ಧ್ವನಿಮುದ್ರಣ ತಾಣದಲ್ಲಿದೆಯಲ್ಲ ಎಂಬ ಭರವಸೆಯಿಂದ ನಮ್ಮ ಫೋನಿನಿಂದ ಅದನ್ನು ಅಳಿಸಿದೆವು. ಅಲ್ಲಿ ಜಾಗ ಸಾಲುತ್ತಿರಲಿಲ್ಲ.

ಮುಂದೆ ಆ ವಿದ್ಯಾರ್ಥಿಯ ಕಾರ್ಡು ಬದಲಾಯಿತು, ವಿಳಾಸ ಬದಲಾಯಿತು, ಎಚ್ಚರಿಕೆಯ ಪತ್ರಗಳು ಅವರು ತೆರೆಯದ ಒಂದು ಮಿಂಚಂಚೆಗೆ ಹೋದವು. ಒಂದು ಬೆಳಗ್ಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, “ಟೀಚರ್, ನಮ್ ಶಾಲೆ ಪುಟದಾಗ ಯಾವುದೋ ಜಾಹೀರಾತು ಬರಾಕತ್ತೈತ್ರೀ” ಎಂದಳು. ಹೆಸರು ಬೇರೆಯವರ ಪಾಲಾಗಿತ್ತು. ಹಳೆಯ ಜಾಲಪುಟಗಳನ್ನು ಕಾದಿರಿಸುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದಾಗ ಕೆಲವು ಲೇಖನಗಳು ದೊರೆತವು. ಚಿತ್ರಗಳು ಅರ್ಧಮರ್ಧ ದೊರೆತವು. ಆ ಒಂದು ಗಂಟೆಯ ಧ್ವನಿ ದೊರೆಯಲಿಲ್ಲ. ಇನ್ನೊಮ್ಮೆ ಕೇಳಿ ಬರೋಣವೆಂದರೆ ಆ ಹಿರಿಯರು ಅದಾಗಲೇ ತೀರಿಕೊಂಡಿದ್ದರು. ಆ ವಿದ್ಯಾರ್ಥಿಯನ್ನು ನಾವು ದೂರುವುದಿಲ್ಲ. ಒಂದು ಊರಿನ ನೆನಪನ್ನೆಲ್ಲ ಒಬ್ಬ ಹುಡುಗನ ಕಾರ್ಡಿನ ಮೇಲೆ ಹೊರಿಸಿದವರು ನಾವು.

ಎರಡನೆಯ ಸಲ ಕಟ್ಟುವಾಗ ತಾಣದ ಹೆಸರನ್ನು ಶಾಲೆಯ ಸಮಿತಿಯ ಹೆಸರಿನಲ್ಲಿ ಕೊಂಡೆವು. ಹಣ ಕಟ್ಟಬೇಕಾದ ತಿಂಗಳನ್ನು ಕಚೇರಿಯ ಗೋಡೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಬರೆದಿದೆ. ಗುಪ್ತಪದ ಇಬ್ಬರಿಗೆ ಗೊತ್ತು, ಮೂರನೆಯದಾಗಿ ಲಕೋಟೆಯೊಳಗೆ ಅಲಮಾರಿಯಲ್ಲಿದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಪ್ರತಿ ಮಾಡುತ್ತೇವೆ. ತಾಣದ ರೂಪ ಮೊದಲಿನಷ್ಟು ಅಂದವಾಗಿಲ್ಲವೆಂದು ಕೆಲವರು ಆಕ್ಷೇಪಿಸಿದ್ದಾರೆ, ನಿಜ. ಆದರೆ ಕೌತಾಳಂ, ಹೊಳಗುಂದದ ಹಳ್ಳಿಗಳಲ್ಲಿ ಮೊಬೈಲಿಗೆ ಸಿಗ್ನಲ್ ಕ್ಷೀಣವಾಗಿರುವಾಗಲೂ ಅದು ತೆರೆದುಕೊಳ್ಳುತ್ತದೆ.

ಇನ್ನು ಜನರಿಗೆ ಮುಟ್ಟಿಸಿದ ಕಥೆ. ಜನ ಕೋಟೆಯ ಇತಿಹಾಸವನ್ನು ಓದಲು ಬರುತ್ತಾರೆಂದು ನಾವು ಎಣಿಸಿದ್ದೆವು. ಬರಲಿಲ್ಲ. ಅವರು ಬಂದದ್ದು ಕನ್ನಡ ಮಾಧ್ಯಮದ ಮಾದರಿ ಪ್ರಶ್ನೆಪತ್ರಿಕೆಗಳಿಗೆ, ಶಿಕ್ಷಕರ ನೇಮಕಾತಿಯ ಪ್ರಕಟಣೆಗಳಿಗೆ, ಕರ್ನಾಟಕದ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವಾಗ ಯಾವ ದಾಖಲೆ ಬೇಕೆಂದು ತಿಳಿಯಲು, ಮತ್ತು ಹಳೆಯ ತರಗತಿಗಳ ಗುಂಪು ಚಿತ್ರಗಳಿಗೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಅದನ್ನು ತಿಳಿಗನ್ನಡದಲ್ಲಿ ಅರ್ಧ ಪುಟದಲ್ಲಿ ಬರೆದು ಹಾಕಿದೆವು. ಮಗುವನ್ನು ಎಲ್ಲಿಗೆ ಸೇರಿಸಬೇಕೆಂದು ಅನುಮಾನಿಸುತ್ತಿದ್ದ ಪಾಲಕರಲ್ಲಿ ಕೆಲವರು ಆ ಪುಟವನ್ನು ಫೋನಿನಲ್ಲಿ ಹಿಡಿದುಕೊಂಡೇ ನಮ್ಮ ಕೊಠಡಿಗೆ ಬಂದರು. ಬೇಕಾದುದಕ್ಕೆ ಬಂದವರು ಮತ್ತೊಂದು ದಿನ ಕೋಟೆಯ ಪುಟವನ್ನೂ ತೆರೆಯುತ್ತಾರೆ. ಕ್ರಮ ಹೀಗೆ ಎಂಬುದು ನಮಗೆ ತಡವಾಗಿ ತಿಳಿಯಿತು.

ಹುಡುಕುವವರಿಗೆ ತಾಣ ಸಿಗದಿದ್ದುದಕ್ಕೆ ಮತ್ತೊಂದು ಕಾರಣವಿತ್ತು, ಅದು ನಮ್ಮ ಹೆಮ್ಮೆಯೇ. ನಾವು ಎಲ್ಲೆಡೆಯೂ ಅಚ್ಚಗನ್ನಡದಲ್ಲಿ ‘ಆದವಾನಿ’ ಎಂದು ಬರೆದಿದ್ದೆವು. ನಮ್ಮ ಮಕ್ಕಳು ಹುಡುಕುವುದು ‘ಆದೋನಿ’ ಎಂದು, ಏಕೆಂದರೆ ರೈಲು ನಿಲ್ದಾಣದಲ್ಲಿ, ಬಸ್ಸಿನ ಮೇಲೆ, ತಮ್ಮ ಆಧಾರ್ ಚೀಟಿಯಲ್ಲಿ ಅವರು ಕಾಣುವುದು ಅದನ್ನೇ. ‘ಮಂತ್ರಾಲಯ’ವೆಂದು ನಾವು ಬರೆದರೆ ‘ಮಂತ್ರಾಲಯಂ’ ಎಂದು ಹುಡುಕುವವರಿದ್ದಾರೆ. ‘ದೇವರಗುಡ್ಡ’ವೆಂದರೆ ‘ದೇವರಗಟ್ಟು’ ಎನ್ನುವವರಿದ್ದಾರೆ. ಈ ವಿಷಯದಲ್ಲಿ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಬಿಸಿಬಿಸಿ ಚರ್ಚೆಯೇ ನಡೆಯಿತು. ತೆಲುಗಿನ ರೂಪವನ್ನು ಒಪ್ಪಿಕೊಂಡರೆ ಇರುವ ಹೆಸರೂ ಹೋಗುತ್ತದೆ ಎಂದರು ಹಿರಿಯರು. ಸಿಗದ ಹೆಸರನ್ನು ಇಟ್ಟುಕೊಂಡು ಏನು ಮಾಡುವುದು ಎಂದರು ಕಿರಿಯರು. ಕೊನೆಗೆ ಪ್ರತಿ ಪುಟದಲ್ಲಿಯೂ ಎರಡು ರೂಪಗಳನ್ನೂ ಬರೆಯುವುದೆಂದು ಗೊತ್ತಾಯಿತು. ತೆಲುಗು ಲಿಪಿಯಲ್ಲಿ ಒಂದು ತಲೆಬರಹವನ್ನೂ ಸೇರಿಸಿದೆವು. ನಮ್ಮ ಮನೆಗಳ ಸೊಸೆಯಂದಿರಲ್ಲಿ ತೆಲುಗಿನವರು ಎಷ್ಟಿಲ್ಲ? ಅವರ ಮಕ್ಕಳೇ ಅಲ್ಲವೇ ನಾಳೆ ನಮ್ಮ ಒಂದನೆಯ ತರಗತಿಗೆ ಬರಬೇಕಾದವರು? ಇದರ ಜೊತೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಒಂದು ಊರಿಗೆ ಹಲವು ಭಾಷೆಗಳ ಹೆಸರನ್ನು ಯಾರು ಬೇಕಾದರೂ ಸೇರಿಸಬಹುದು. ಎಂಟನೆಯ ತರಗತಿಯವರು ಅಜ್ಜ ಅಜ್ಜಿಯರನ್ನು ಕೇಳಿ ತಮ್ಮ ತಮ್ಮ ಹಳ್ಳಿಗಳ ಕನ್ನಡ ಹೆಸರುಗಳನ್ನು ಪಟ್ಟಿ ಮಾಡುತ್ತಿದ್ದಾರೆ.

ಪ್ರಚಾರದಲ್ಲಿ ನಾವು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇವೆ. ಸಾವಿರಾರು ಜನರನ್ನು ತಂದುಕೊಡುತ್ತೇವೆಂದು ಹೇಳಿದವರೊಬ್ಬರಿಗೆ ಒಮ್ಮೆ ಹಣ ಕೊಟ್ಟೆವು. ಲೆಕ್ಕದಲ್ಲಿ ಜನರೇನೋ ಬಂದರು, ನಾವು ಕೇಳರಿಯದ ದೇಶಗಳಿಂದ! ಯಾರೂ ಎರಡು ಕ್ಷಣ ನಿಲ್ಲಲಿಲ್ಲ. ಮತ್ತೊಮ್ಮೆ ದೇವರಗುಡ್ಡದ ಬಡಿದಾಟದ ದೃಶ್ಯವನ್ನು ಹಾಕಿದೆವು. ಮಾಳಮಲ್ಲೇಶ್ವರನ ಉತ್ಸವ ನಮ್ಮ ಜನರ ಭಕ್ತಿ, ಅದಕ್ಕೆ ನಮ್ಮ ಗೌರವವಿದೆ. ಆದರೆ ಆ ದೃಶ್ಯವನ್ನು ನೋಡಿದವರೆಲ್ಲ ರಕ್ತವನ್ನು ನೋಡಲು ಬಂದವರು. ಹೊರಗಿನವರು ಅಲ್ಲಿ ಬರೆದ ಮಾತುಗಳನ್ನು ಓದಿ ನಮಗೆ ನಾಚಿಕೆಯಾಯಿತು. ಅದನ್ನು ತೆಗೆದು, ಉತ್ಸವದ ಕ್ರಮವನ್ನು ವಿವರಿಸುವ ಲೇಖನವನ್ನು ಹಾಕಿದ್ದೇವೆ. ನೋಡುವವರು ಕಡಿಮೆಯಾದರು, ಇರಲಿ.

ನಿಜವಾಗಿ ಕೆಲಸಕ್ಕೆ ಬಂದವು ಚಿಕ್ಕ ಉಪಾಯಗಳು. ಮಕ್ಕಳ ಅಂಕಪಟ್ಟಿಯ ಹಿಂದೆ ತಾಣದ ಕ್ಯೂಆರ್ ಕೋಡನ್ನು ಅಚ್ಚು ಹಾಕಿಸಿದೆವು. ಶ್ರಾವಣದಲ್ಲಿ ಉರುಕುಂದ ಈರಣ್ಣನ ದರ್ಶನಕ್ಕೆ ಕನ್ನಡ ಭಕ್ತರು ಬರುವ ದಿನಗಳಲ್ಲಿ ಬಸ್ಸುಗಳ ವಿವರವನ್ನು ಹಾಕಿದೆವು. ವಾಟ್ಸಾಪಿನಲ್ಲಿ ಪುಟದ ಚಿತ್ರ ತೆಗೆದು ಕಳಿಸಬೇಡಿ, ಕೊಂಡಿಯನ್ನು ಕಳಿಸಿ ಎಂದು ಪಾಲಕರ ಸಭೆಯಲ್ಲಿ ಪ್ರತಿ ಸಲ ಹೇಳುತ್ತೇವೆ, ಇಂದೂ ಹೇಳುತ್ತೇವೆ. ಚಿತ್ರ ಕಳಿಸಿದರೆ ಅದು ಮರುದಿನ ಕೆಳಗೆ ಹೂತುಹೋಗುತ್ತದೆ, ಹುಡುಕಿದರೂ ಸಿಗುವುದಿಲ್ಲ.

ಸುದ್ದಿಯ ಸತ್ಯಾಸತ್ಯದ ವಿಷಯದಲ್ಲಿ ಒಂದು ಪಾಠ ಮರೆಯುವಂತಿಲ್ಲ. ನಮ್ಮ ನಿವೃತ್ತ ಗುರುಗಳೊಬ್ಬರು ತೀರಿಕೊಂಡರೆಂದು ಯಾರೋ ಹೇಳಿದರು. ನಾವು ಸಂತಾಪ ಬರೆದು ಹಾಕಿದೆವು. ಮರುದಿನ ಹತ್ತು ಗಂಟೆಗೆ ಅವರೇ ಕೋಲೂರಿಕೊಂಡು ಕಚೇರಿಯ ಬಾಗಿಲಿಗೆ ಬಂದು, “ಅಮ್ಮಾ, ನಾ ಇನ್ನಾ ಅದೀನಿ ನೋಡವಾ. ಬರೆದಿದ್ದು ಮಾತ್ರ ಭಾಳ ಚಲೋ ಐತಿ, ಹಂಗೇ ಇಟ್ಟಿರು” ಎಂದರು. ನಗುತ್ತಲೇ ಹೇಳಿದರು. ಆದರೆ ಬಳ್ಳಾರಿಯಲ್ಲಿದ್ದ ಅವರ ಮಗಳು ಆ ಸುದ್ದಿಯನ್ನು ಓದಿ ರಾತ್ರೋರಾತ್ರಿ ಹೊರಟು ಬಂದಿದ್ದಳು. ಅಂದಿನಿಂದ ಮನೆಯವರೊಡನೆ ನಾವೇ ಮಾತನಾಡದೆ ಯಾವ ಸುದ್ದಿಯನ್ನೂ ಹಾಕುವುದಿಲ್ಲ. ಹಾಕಿದ್ದು ತಪ್ಪಾದರೆ ಅಳಿಸದೆ, ತಿದ್ದುಪಡಿಯನ್ನು ದಿನಾಂಕದೊಡನೆ ಅದೇ ಪುಟದ ಮೇಲ್ಗಡೆ ಬರೆಯುತ್ತೇವೆ. ಮಕ್ಕಳ ಚಿತ್ರಗಳನ್ನು, ವಿಶೇಷವಾಗಿ ಹೆಣ್ಣುಮಕ್ಕಳವನ್ನು, ಪಾಲಕರ ಸಹಿ ಇಲ್ಲದೆ ಹಾಕುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹದಿನೆಂಟು ತುಂಬದವರ ವಿಷಯದಲ್ಲಿ ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ಪ್ರತಿಭಾ ಪುರಸ್ಕಾರದಲ್ಲಿ ತಮ್ಮ ಮಗಳ ಚಿತ್ರವೇಕಿಲ್ಲ ಎಂದು ಮುನಿಸಿಕೊಂಡವರು ದಯವಿಟ್ಟು ಆ ಒಪ್ಪಿಗೆ ಪತ್ರವನ್ನು ತುಂಬಿಕೊಡಬೇಕು.

ನಮಗೆ ಇನ್ನು ಕೆಲವೇ ವರ್ಷಗಳ ಸೇವೆ ಉಳಿದಿದೆ. ಕನ್ನಡದಲ್ಲಿ ಬೆರಳಚ್ಚು ಬಲ್ಲವರು, ವಾರಕ್ಕೆ ಎರಡು ಗಂಟೆ ಕೊಡಬಲ್ಲವರು, ಈ ಊರಿನಲ್ಲಿಯೇ ಇರುವವರು ಇಬ್ಬರು ಮುಂದೆ ಬರಬೇಕೆಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇವೆ. ದೂರದಲ್ಲಿರುವವರು ಹಣ ಕೊಡಬಹುದು, ಚಿತ್ರ ಕಳಿಸಬಹುದು. ಆದರೆ ಹೊಳಗುಂದದ ಅಜ್ಜಿಯ ಮನೆಗೆ ಹೋಗಿ ಹೆಸರು ಕೇಳಿ ಬರುವವರು ಇಲ್ಲಿಯವರೇ ಆಗಬೇಕು.

1953ರಲ್ಲಿ ಈ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಕುಳಿತಿದ್ದವರಿಗೆ ಇಂದು ಎಂಬತ್ತು ದಾಟಿದೆ. ಮುಂದಿನ ಸಾಲಿನಲ್ಲಿ ಅಂಥ ಮೂವರು ಕುಳಿತಿರುವುದನ್ನು ನಾವು ಬೆಳಗಿನಿಂದ ನೋಡುತ್ತಿದ್ದೇವೆ. ಭೋಜನದ ನಂತರ ತಾವು ಮೂವರೂ ದಯಮಾಡಿ ಗಣಕಯಂತ್ರದ ಕೊಠಡಿಗೆ ಬರಬೇಕು. ಕೊಠಡಿ ಕೆಳಗಡೆಯೇ ಇದೆ, ಮೆಟ್ಟಿಲು ಹತ್ತುವ ಶ್ರಮವಿಲ್ಲ. ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳು ಪ್ರಶ್ನೆಗಳನ್ನು ಬರೆದುಕೊಂಡು ಕಾಯುತ್ತಿರುತ್ತಾರೆ. ಈ ಸಲ ಎರಡು ಫೋನುಗಳಲ್ಲಿ ಮುದ್ರಿಸಿಕೊಳ್ಳುತ್ತೇವೆ.