ಮನ್ರೋವಿಲ್‌ನ ಹಳೆಯ ನ್ಯಾಯಾಲಯ



ಕೇಂದ್ರ ಸರ್ಕಾರದ ಸೇವೆಯಲ್ಲಿ ಹಲವು ಊರುಗಳ ಕಚೇರಿಗಳನ್ನು ಕಂಡವನು ನಾನು. ಯಾರಿಗೆ ಕುರ್ಚಿ, ಯಾರಿಗೆ ಹೊರಜಗಲಿ ಎಂಬುದನ್ನು ಕಟ್ಟಡವನ್ನು ಕಟ್ಟುವಾಗಲೇ ತೀರ್ಮಾನಿಸಿರುತ್ತಾರೆ. ಈ ಮಾತಿಗೆ ನಿದರ್ಶನವಾಗಿ ಅಮೆರಿಕದ ಒಂದು ಗ್ರಾಮಾಂತರ ನ್ಯಾಯಾಲಯದ ಕಥೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಅಲಬಾಮ ರಾಜ್ಯದಲ್ಲಿ ಮನ್ರೋ ಎಂಬ ಕೌಂಟಿಯಿದೆ. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಅಲ್ಲಿನ ಹಳ್ಳಿಗರ ಪಾಲಿಗೆ ಕೌಂಟಿ ನ್ಯಾಯಾಲಯವೇ ಸರ್ಕಾರ. ಮೊಕದ್ದಮೆಯಷ್ಟೇ ಅಲ್ಲ, ಜಮೀನಿನ ಪತ್ರ, ತೆರಿಗೆ, ವಿವಾಹದ ಪರವಾನಗಿ ಎಲ್ಲಕ್ಕೂ ಜನ ಅಲ್ಲಿಗೇ ಬರಬೇಕಿತ್ತು. ಆದುದರಿಂದಲೇ ಅದನ್ನು ಊರ ನಡುವಣ ಚೌಕದಲ್ಲಿ, ಎಲ್ಲ ದಿಕ್ಕಿನಿಂದಲೂ ಕಾಣುವಂತೆ ಕಟ್ಟುವುದು ಅಲ್ಲಿನ ರೂಢಿ.

ಕೌಂಟಿಯ ಕೇಂದ್ರವಾದ ಮನ್ರೋವಿಲ್‌ನ ನ್ಯಾಯಾಲಯ 1903ರದು. ವಾಸ್ತುಶಿಲ್ಪಿ ಆಂಡ್ರ್ಯೂ ಬ್ರಯನ್. ಇಟ್ಟಿಗೆಯ ಕಟ್ಟಡ, ನೆತ್ತಿಯ ಮೇಲೆ ಗುಮ್ಮಟ ಹೊತ್ತ ಗಡಿಯಾರದ ಗೋಪುರ. ಒಳಗೆ ಅಂಡಾಕಾರದ ವಿಚಾರಣಾ ಸಭಾಂಗಣ, ಅದರ ಮೇಲ್ಭಾಗದಲ್ಲಿ ಉಪ್ಪರಿಗೆ. ವರ್ಣಭೇದವೇ ಕಾನೂನಾಗಿದ್ದ ಆ ದಶಕಗಳಲ್ಲಿ ಕಪ್ಪು ಜನಾಂಗದವರಿಗೆ ಕೆಳಗೆ ಸ್ಥಳವಿರಲಿಲ್ಲ. ವಿಚಾರಣೆಯನ್ನು ನೋಡಬೇಕಾದರೆ ಉಪ್ಪರಿಗೆಯನ್ನೇರಬೇಕಿತ್ತು.

ಈ ಊರಿನ ವಕೀಲ ಎ.ಸಿ. ಲೀ 1919ರಲ್ಲಿ ಕೊಲೆಯ ಆಪಾದನೆ ಹೊತ್ತ ಇಬ್ಬರು ಕಪ್ಪು ಜನಾಂಗದವರ ಪರವಾಗಿ ವಾದಿಸಿ ಸೋತರು, ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಅವರ ಮಗಳೇ ಹಾರ್ಪರ್ ಲೀ. ಆಕೆಯ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ 1960ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 1962ರ ಚಲನಚಿತ್ರಕ್ಕಾಗಿ ಕಲಾ ನಿರ್ದೇಶಕ ಹೆನ್ರಿ ಬಮ್‌ಸ್ಟೆಡ್ ಮನ್ರೋವಿಲ್‌ಗೆ ಬಂದು, ಈ ಸಭಾಂಗಣದ ಅಳತೆ ತೆಗೆದುಕೊಂಡು, ಅದರ ಪ್ರತಿರೂಪವನ್ನೇ ಹಾಲಿವುಡ್‌ನಲ್ಲಿ ನಿಲ್ಲಿಸಿದರು. 1963ರಲ್ಲಿ ಪಕ್ಕದಲ್ಲಿಯೇ ಹೊಸ ನ್ಯಾಯಾಲಯ ಬಂದಿತು. ಹಳೆಯದು ಉಳಿದು ವಸ್ತುಸಂಗ್ರಹಾಲಯವಾಯಿತು. ಕಾದಂಬರಿಯ ನಾಟಕರೂಪವನ್ನು ಅದೇ ಸಭಾಂಗಣದಲ್ಲಿ ಆಡುವ, ಪ್ರೇಕ್ಷಕರ ನಡುವಿನಿಂದಲೇ ಜ್ಯೂರಿಯನ್ನು ಆರಿಸುವ ಪದ್ಧತಿಯೂ ಬೆಳೆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಇದೇ ಊರಿನಲ್ಲಿ 1986ರಲ್ಲಿ ಒಬ್ಬ ಬಿಳಿಯ ಯುವತಿಯ ಕೊಲೆಯಾಯಿತು. ಮರುವರ್ಷ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಜನಾಂಗದವನ ಬಂಧನವಾಯಿತು. ಕೊಲೆಯ ಹೊತ್ತಿಗೆ ಆತ ಮನೆಯಲ್ಲಿದ್ದನೆಂದು ಹಲವರು ಸಾಕ್ಷಿ ನುಡಿದರೂ ಫಲವಿಲ್ಲ. ವಿಚಾರಣೆ ನಡೆದದ್ದು ನೆರೆಯ ಬಾಲ್ಡ್‌ವಿನ್ ಕೌಂಟಿಯಲ್ಲಿ. ಜ್ಯೂರಿ ಜೀವಾವಧಿ ಶಿಕ್ಷೆ ಸೂಚಿಸಿತು. ನ್ಯಾಯಾಧೀಶರು ಅದನ್ನು ಮೀರಿ ಮರಣದಂಡನೆ ವಿಧಿಸಿದರು. ವಕೀಲ ಬ್ರಯನ್ ಸ್ಟೀವನ್‌ಸನ್ ಅವರ ಸತತ ಹೋರಾಟದಿಂದ 1993ರಲ್ಲಿ ಆತ ನಿರ್ದೋಷಿಯಾಗಿ ಹೊರಬಂದ. ಅಷ್ಟರಲ್ಲಿ ಸುಮಾರು ಆರು ವರ್ಷಗಳು ಕಳೆದಿದ್ದವು.

ಬಂಧುಗಳೇ, ಕಾದಂಬರಿಯನ್ನು ಮೆಚ್ಚಿದ ಊರು, ಸಭಾಂಗಣವನ್ನು ಜತನದಿಂದ ಕಾಪಾಡಿದ ಊರು, ಅದರ ಪಾಠವನ್ನು ಮಾತ್ರ ಪಾಲಿಸಲಿಲ್ಲ. ಉಪ್ಪರಿಗೆಯಿಲ್ಲದ ನ್ಯಾಯಾಲಯದಲ್ಲಿಯೂ ಮನಸ್ಸಿನೊಳಗೆ ಉಪ್ಪರಿಗೆ ಉಳಿಯಬಲ್ಲದು.

ಹಳೆಯ ಕಚೇರಿಗಳನ್ನು ಕೆಡವಬಾರದೆಂಬ ಕೂಗು ನಮ್ಮಲ್ಲಿಯೂ ಇದೆ. ನಾನೂ ಅದಕ್ಕೆ ದನಿಗೂಡಿಸುತ್ತೇನೆ. ಆದರೆ ಕಟ್ಟಿಸಿದವರ ಹೆಸರು, ಇಸವಿಗಳನ್ನು ಮಾತ್ರ ಫಲಕದಲ್ಲಿ ಕೆತ್ತಿದರೆ ಸಾಲದು. ಅಲ್ಲಿ ಯಾರನ್ನು ಹೊರಗೆ ನಿಲ್ಲಿಸಲಾಗಿತ್ತು ಎಂಬುದನ್ನೂ ಬರೆದಿಡೋಣ. ಇಂದು ಆ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ನೋಡುವ ಕಣ್ಣು ಆಗ ನಮಗೆ ಬಂದೀತು.