ದಿಕ್ಕು ನೋಡುವ ಮುನ್ನ ಉತ್ತರ ಬರೆದಿಡಿ



ಡಿಸ್ಟನ್ಸ್ ರಿಲೇ ಎಂದೊಡನೆ ನಮ್ಮ ಚರ್ಚೆ ದೂರದ ಲೆಕ್ಕಕ್ಕೆ ಹೋಗಿಬಿಡುತ್ತದೆ. ಒಂದನೇ ಝೋನ್ ಲೈನಿನ ಶೇ. 80, ಎರಡನೆಯದು ಶೇ. 120, ಹೀಗೆ. ಆ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಹೇಗೋ ಸಂಭಾಳಿಸಬಹುದು. ದಿಕ್ಕು ತಪ್ಪಿದರೆ ಸಂಭಾಳಿಸಲಾಗದು. ಸಿಟಿ ತಂತಿಗಳು ತಿರುವುಮುರುವಾದ ರಿಲೇ ತನ್ನ ಲೈನಿನ ಫಾಲ್ಟಿಗೆ ಸುಮ್ಮನಿದ್ದು, ಹಿಂಬದಿಯ ಬಸ್ಸಿನ ಅಥವಾ ಪಕ್ಕದ ಲೈನಿನ ಫಾಲ್ಟಿಗೆ ತಕ್ಷಣ ಟ್ರಿಪ್ ಕೊಡುತ್ತದೆ. ಕ್ಯಾರಿಯರ್ ಇದ್ದರೆ ಆಚೆ ತುದಿಗೂ ಸುಳ್ಳು ಅನುಮತಿ ಕಳಿಸುತ್ತದೆ.

ಟೆಸ್ಟ್ ಕಿಟ್‌ನಿಂದ ಮಾಡುವ ಸೆಕೆಂಡರಿ ಇಂಜೆಕ್ಷನ್ ಈ ತಪ್ಪನ್ನು ಹಿಡಿಯುವುದಿಲ್ಲ. ಅದು ಟೆಸ್ಟ್ ಬ್ಲಾಕ್‌ನಿಂದ ಒಳಗಿನದ್ದನ್ನಷ್ಟೇ ಪರೀಕ್ಷಿಸುತ್ತದೆ. ಯಾರ್ಡಿನಲ್ಲಿ ಸಿಟಿಯ ಪಿ1 ಯಾವ ಕಡೆಗಿದೆ, ಸ್ಟಾರ್ ಪಾಯಿಂಟ್ ಎಲ್ಲಿ ಕಟ್ಟಿದೆ, ಅದಕ್ಕೆ ರಿಲೇ ಸೆಟ್ಟಿಂಗ್ ಹೊಂದುತ್ತದೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಡುವುದು ಲೈನಿನಲ್ಲಿ ನಿಜವಾಗಿ ಹರಿಯುವ ಕರೆಂಟ್ ಮಾತ್ರ.

ಆ ಉತ್ತರವನ್ನು ಓದುವುದರಲ್ಲೇ ಎಡವಟ್ಟಾಗುವುದು. 400 ಕೆವಿ ಟ್ವಿನ್ ಮೂಸ್ ಲೈನ್ 150 ಕಿ.ಮೀ. ಇದೆ ಎನ್ನಿ. ಒಂದೇ ತುದಿಯಿಂದ ಚಾರ್ಜ್ ಮಾಡಿದಾಗ, ರಿಯಾಕ್ಟರ್ ಇಲ್ಲದಿದ್ದರೆ, ಸುಮಾರು 80 ಎಂವಿಎಆರ್, ಅಂದರೆ ಹೆಚ್ಚುಕಡಿಮೆ 115 ಆಂಪಿಯರ್ ಹರಿಯುತ್ತದೆ. ಈ ಕರೆಂಟ್ ವೋಲ್ಟೇಜಿಗಿಂತ 90 ಡಿಗ್ರಿ ಮುಂದಿರುತ್ತದೆ. ಹಾಗಾಗಿ ರಿಲೇ ಕಾಣುವ ಇಂಪೀಡೆನ್ಸಿನ ಕೋನ ಮೈನಸ್ 90. ಕ್ಯಾರೆಕ್ಟರಿಸ್ಟಿಕ್ ಆಂಗಲ್ 60 ಡಿಗ್ರಿ ಇರುವ ಡೈರೆಕ್ಷನಲ್ ಎಲಿಮೆಂಟಿಗೆ ಫಾರ್ವರ್ಡ್ ಎಂದರೆ ಮೈನಸ್ 30ರಿಂದ 150ರವರೆಗೆ. ಸರಿಯಾಗಿ ಜೋಡಿಸಿದ ರಿಲೇ ಆಗ ‘ರಿವರ್ಸ್’ ತೋರಿಸುತ್ತದೆ. ತಂತಿ ಉಲ್ಟಾ ಆಗಿರುವ ರಿಲೇ ‘ಫಾರ್ವರ್ಡ್’ ತೋರಿಸುತ್ತದೆ! ಲೈನಿಗೆ ಇನ್ನೂ ಲೋಡ್ ಬಂದಿಲ್ಲ, ಫಾರ್ವರ್ಡ್ ಕಂಡಿತು, ಸಹಿ ಹಾಕಿದರು ಎಂದರೆ ತಪ್ಪಿಗೇ ಸಹಿ ಬಿದ್ದಂತೆ. ಕೋನ ಬರೆದುಕೊಂಡವರಿಗೆ ಇದೇ ಚಾರ್ಜಿಂಗ್ ಕರೆಂಟ್ ಒಳ್ಳೆಯ ಸಾಕ್ಷಿ, ಏಕೆಂದರೆ ಅದರ ಕೋನ ಬೇರೆ ಮೀಟರ್ ಇಲ್ಲದೆಯೂ ಮುಂಚೆಯೇ ಗೊತ್ತು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಇಂಥ ಕಡೆ ಮಧ್ಯಾಹ್ನ ಪರೀಕ್ಷೆ ಮಾಡಿದರೆ ಸೋಲಾರ್ ತುದಿಯ ರಿಲೇ ಫಾರ್ವರ್ಡ್ ಎನ್ನಬೇಕು, ಗ್ರಿಡ್ ತುದಿಯ ರಿಲೇ ರಿವರ್ಸ್ ಎನ್ನಬೇಕು. ಎರಡೂ ಸರಿ. ಗ್ರಿಡ್ ತುದಿಯಲ್ಲೂ ಫಾರ್ವರ್ಡ್ ಕಾಣಲೇಬೇಕೆಂದು ಕೀಪ್ಯಾಡಿನಲ್ಲಿ ಸಿಟಿ ಪೊಲಾರಿಟಿ ಬದಲಿಸುವುದಕ್ಕಿಂತ ಅಪಾಯದ ಕೆಲಸ ಕಮಿಷನಿಂಗ್‌ನಲ್ಲಿ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಸೂರ್ಯ ಮುಳುಗಿದ ಮೇಲಂತೂ ಅಲ್ಲಿ ಮುಖ್ಯವಾಗಿ ಉಳಿಯುವುದು ಚಾರ್ಜಿಂಗ್ ಕರೆಂಟೇ.

ಅರ್ತ್ ಫಾಲ್ಟ್ ಎಲಿಮೆಂಟಿನ ಮಾತು ಬೇರೆ. ಸಮತೋಲದ ಲೋಡಿನಲ್ಲಿ ರೆಸಿಡ್ಯುಯಲ್ ಕರೆಂಟ್ ಸೊನ್ನೆ, ಆದ್ದರಿಂದ ಅದರ ದಿಕ್ಕು ತಾನಾಗಿ ಪರೀಕ್ಷೆಯಾಗುವುದಿಲ್ಲ. ಟ್ರಿಪ್ ಬೇರ್ಪಡಿಸಿ, ಆರ್ ಫೇಸಿನ ವೋಲ್ಟೇಜ್ ತೆಗೆದು, ವೈ ಮತ್ತು ಬಿ ಸಿಟಿಗಳನ್ನು ಟೆಸ್ಟ್ ಬ್ಲಾಕಿನಲ್ಲಿ ಮೊದಲು ಶಾರ್ಟ್ ಮಾಡಿ ಆಮೇಲೆ ಬಿಡಿಸಿದರೆ ಆರ್ ಫಾಲ್ಟಿನಂಥ ಸ್ಥಿತಿ ಸಿಗುತ್ತದೆ. ಸಿಟಿ ಸರ್ಕ್ಯೂಟ್ ಎಂದೂ ಓಪನ್ ಆಗಕೂಡದು. ಇದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಈ ಸಂಕಿರಣದಿಂದ ನಾನು ಬಯಸುವುದು ಒಂದು ನಮೂನೆಯನ್ನು. ರಿಲೇ ಮುಂದೆ ನಿಲ್ಲುವ ಮೊದಲೇ ಆಚೆ ತುದಿಗೆ ಮತ್ತು ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಫೋನ್ ಮಾಡಿ ಮೆಗಾವ್ಯಾಟ್, ಎಂವಿಎಆರ್ ಯಾವ ಕಡೆ ಹರಿಯುತ್ತಿವೆ ಎಂದು ಕೇಳಿ, ಬರಬೇಕಾದ ಕೋನವನ್ನು ಅದರಲ್ಲಿ ಪೆನ್ನಿನಲ್ಲಿ ಬರೆಯಬೇಕು. ಆಮೇಲೆ ಓದಿದ ಕೋನವನ್ನು ಪಕ್ಕದಲ್ಲಿ ಬರೆಯಬೇಕು. ಲೋಡ್ ಸಾಲದಿದ್ದರೆ ‘ದಿಕ್ಕಿನ ಪರೀಕ್ಷೆ ಬಾಕಿ’ ಎಂದು ದಿನಾಂಕದೊಂದಿಗೆ ನಮೂದಿಸಿ, ಅದು ಮುಗಿಯುವವರೆಗೆ ಕಡತ ಮುಚ್ಚಬಾರದು. ಇಂದಿನ ಗೋಷ್ಠಿಗಳು ಮುಗಿಯುವುದರೊಳಗೆ ಆ ನಮೂನೆಯನ್ನು ದಯವಿಟ್ಟು ಸಿದ್ಧಪಡಿಸಿ, ನಿಮ್ಮ ಮುಂದಿನ ಲೈನಿನಿಂದಲೇ ಬಳಸಲು ತೊಡಗಿ.