ಬಂಗಾರದ ಬಟ್ಟಲನ್ನು ಮರೆತು ಬಂದವರು ಯಾರು?

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಹಿತ್ಯ, ಸಿನಿಮಾ, ಸಂಕೇತ ಎಂದ ಕೂಡಲೇ ಇದು ಕಾಲೇಜಿನವರ ವಿಷಯ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಸಂಕೇತಗಳ ನಡುವೆಯೇ ಬದುಕುವವರು ನಾವು. ಹಣೆಯ ಕುಂಕುಮ, ಕೈಯ ಬಳೆ, ಕೊರಳ ತಾಳಿ ಬರೀ ವಸ್ತುಗಳಾಗಿದ್ದರೆ ಗಂಡ ಸತ್ತ ಮೇಲೆ ಅವನ್ನು ಕಿತ್ತು ತೆಗೆಯುವ ಪದ್ಧತಿ ಇರುತ್ತಿರಲಿಲ್ಲ. ಅತ್ತೆಯ ಸೊಂಟದಲ್ಲಿರುವ ಬೀಗದ ಕೈ ಗೊಂಚಲು ಬೀಗ ತೆಗೆಯುವುದಕ್ಕಷ್ಟೇ ಅಲ್ಲ, ಮನೆಯಲ್ಲಿ ಅಧಿಕಾರ ಯಾರದು ಎಂದು ತೋರಿಸುವುದಕ್ಕೂ ಇದೆ. ಒಂದು ವಸ್ತು ತನಗಿಂತ ದೊಡ್ಡದಾದ ಮತ್ತೇನನ್ನೋ ಹೇಳಿದರೆ ಅದೇ ಸಂಕೇತ. ಇದನ್ನು ಓದಲು ನಮಗೆ ಯಾರೂ ಶಾಲೆಯಲ್ಲಿ ಕಲಿಸಬೇಕಾಗಿಲ್ಲ.

ಹೆಂಗಸರ ಹಾಡು, ಕಥೆಗಳಲ್ಲಿ ಸಂಕೇತ ಯಾಕಿಷ್ಟು ಹೆಚ್ಚು? ನೇರವಾಗಿ ಹೇಳಿದರೆ ಏಟು ಬೀಳುತ್ತದೆ, ಅದಕ್ಕೆ. ಬೀಸುಕಲ್ಲಿನ ಆಚೆ ಬದಿಗೆ ಅತ್ತೆಯೇ ಕೂತಿರುವಾಗ ಅತ್ತೆಮನೆಯ ಕಷ್ಟ ಹೇಳುವುದು ಹೇಗೆ? ನನ್ನ ಕಥೆ ಎನ್ನದೆ ಭಾಗೀರತಿಯ ಕಥೆ ಎಂದು ಹೇಳಬೇಕು. ಇವತ್ತು ನಾನು ಮುಖ್ಯವಾಗಿ ಆ ಭಾಗೀರತಿಯ ಮಾತನ್ನೇ ಆಡಬೇಕೆಂದಿದ್ದೇನೆ.

'ಕೆರೆಗೆ ಹಾರ' ಲಾವಣಿ ನಿಮಗೆ ಗೊತ್ತು. ಹಾಡುವವರ ಬಾಯಲ್ಲಿ ಅಲ್ಲಿ ಇಲ್ಲಿ ವ್ಯತ್ಯಾಸವಿರಬಹುದು, ಕಥೆ ಮಾತ್ರ ಒಂದೇ. ಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬೀಳುವುದಿಲ್ಲ. ಶಾಸ್ತ್ರ ಕೇಳಿದರೆ ಮನೆಯ ಸೊಸೆಯನ್ನು ಬಲಿ ಕೊಡಬೇಕು ಎಂದು ಬರುತ್ತದೆ. ಗಮನಿಸಿ, ಕೆರೆ ಇಡೀ ಊರಿಗೆ, ಬಲಿ ಮಾತ್ರ ಸೊಸೆ. ಅದರಲ್ಲೂ ಕಿರಿಸೊಸೆ. ಮನೆಯಲ್ಲಿ ಯಾರ ಮಾತಿಗೆ ಎಲ್ಲಕ್ಕಿಂತ ಕಡಿಮೆ ಬೆಲೆಯೋ ಅವಳು. ಗಂಡ ದಂಡಿನಲ್ಲಿದ್ದಾನೆ, ಪಕ್ಕದಲ್ಲಿಲ್ಲ.

ಸುಳಿವು ಸಿಕ್ಕ ಭಾಗೀರತಿ ತವರಿಗೆ ಓಡುತ್ತಾಳೆ. ಕಣ್ಣಲ್ಲಿ ನೀರು ಯಾಕೆ ಎಂದು ಹಡೆದವರು ಕೇಳಿದರೆ ಕೊಲ್ಲುತ್ತಾರೆ ಎಂಬ ಮಾತು ಬಾಯಿಗೆ ಬರುವುದಿಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ತವರಿನವರು ಆಸ್ತಿಯ ಮಾತಾಡಿ, ಒಡವೆಯ ಮಾತಾಡಿ ಸಮಾಧಾನ ಮಾಡುತ್ತಾರೆ. ಪ್ರಾಣಕ್ಕೆ ಬಂದ ಕುತ್ತನ್ನು ವಸ್ತು ಕೊಟ್ಟು ನಿವಾರಿಸಬಹುದು ಎಂದು ಅವರ ಎಣಿಕೆ. ಇವತ್ತಿಗೂ ಮಗಳು ಬಾಡಿದ ಮುಖ ಹೊತ್ತು ಬಂದರೆ ಎಷ್ಟೋ ತವರಿನಲ್ಲಿ ಇದೇ ನಡೆಯುತ್ತದೆ. ಇನ್ನೆರಡು ತೊಲ ಹಾಕೋಣ, ಅಳಿಯನಿಗೆ ಒಂದು ಬೈಕ್ ಕೊಡಿಸೋಣ, ಎಲ್ಲ ಸರಿಹೋಗುತ್ತದೆ ಎನ್ನುತ್ತೇವೆ. ಕೊಟ್ಟಷ್ಟೂ ಆ ಕೆರೆ ತುಂಬುವುದಿಲ್ಲ ಎಂಬುದನ್ನು ಮರೆಯುತ್ತೇವೆ.

ಆಮೇಲೆ ಅವಳು ಗೆಳತಿಯ ಮನೆಗೆ ಹೋಗುತ್ತಾಳೆ. ಇಡೀ ಹಾಡಿನಲ್ಲಿ ಅವಳು ನಿಜ ಹೇಳುವುದು ಈ ಒಬ್ಬಳ ಹತ್ತಿರ ಮಾತ್ರ. ಆ ಗೆಳತಿ ಏನೆನ್ನುತ್ತಾಳೆ? ಕೊಟ್ಟರೆ ಕೊಡಲಿ, ಅವರು ಇಟ್ಟಂತೆ ನಾವಿರಬೇಕು ಎಂಬರ್ಥದ ಮಾತಾಡುತ್ತಾಳೆ. ಅವಳು ಕೆಟ್ಟವಳಲ್ಲ. ತನಗೆ ಹೇಳಿಕೊಟ್ಟದ್ದನ್ನೇ ತಿರುಗಿ ಹೇಳಿದಳು. ಈ ಹಾಡಿನಲ್ಲಿ ನನಗೆ ಅತಿ ಭಯ ಹುಟ್ಟಿಸುವ ಜಾಗ ಕೆರೆಯಲ್ಲ, ಈ ಗೆಳತಿಯ ಮನೆಯ ಜಗಲಿ.

ಮುಂದೆ ಬಂಗಾರದ ಬಟ್ಟಲು. ಎಲ್ಲರೂ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ ಹಿಂತಿರುಗುತ್ತಾರೆ. ಬಟ್ಟಲನ್ನು ಅಲ್ಲೇ ಮರೆತು ಬಂದಿದ್ದಾರೆ. ತರಲು ಹೋಗಬೇಕಾದವಳು ಕಿರಿಸೊಸೆ. ಅಷ್ಟು ಬೆಲೆಯ ಬಟ್ಟಲನ್ನು ಯಾರಾದರೂ ಮರೆಯುತ್ತಾರೆಯೆ? ಮರೆತದ್ದಲ್ಲ, ಬಿಟ್ಟು ಬಂದದ್ದು ಎಂದು ಕೇಳುವ ಪ್ರತಿ ಹೆಣ್ಣಿಗೂ ಅರ್ಥವಾಗುತ್ತದೆ. ಬಟ್ಟಲು ಒಂದು ನೆಪ. ಸಾರಿಗೆ ಉಪ್ಪು ಹೆಚ್ಚಾಯಿತು, ಫೋನಿನಲ್ಲಿ ಯಾರೊಡನೆ ಮಾತಾಡಿದೆ, ತವರಿನಿಂದ ಹಬ್ಬದ ಉಡುಗೊರೆ ಬರಲಿಲ್ಲ – ಇವೆಲ್ಲ ಅದೇ ಬಟ್ಟಲು. ಸಂಘದಿಂದ ಸಾಲ ಎತ್ತಿಕೊಂಡು ಬಾ, ಇಲ್ಲದಿದ್ದರೆ ಮನೆಗೆ ಬರಬೇಡ ಎಂಬುದೂ ಅದೇ. 1980, 90ರ ದಶಕಗಳಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಮೇಲಿಂದ ಮೇಲೆ ಬರುತ್ತಿದ್ದಾಗ ಮಹಿಳಾ ಸಂಘಟನೆಗಳು ಒಂದು ಪ್ರಶ್ನೆ ಎತ್ತಿದವು. ಅಡುಗೆಮನೆಗೆ ಅತ್ತೆಯೂ ಹೋಗುತ್ತಾಳೆ, ನಾದಿನಿಯೂ ಹೋಗುತ್ತಾಳೆ, ಸ್ಟೌ ಸೊಸೆಯ ಮೇಲೆಯೇ ಯಾಕೆ ಸಿಡಿಯುತ್ತದೆ? ಬಟ್ಟಲನ್ನು ಮರೆತವರು ಯಾರು ಎಂಬ ಪ್ರಶ್ನೆಯೂ ಇದೇ ಜಾತಿಯದು.

ಬಟ್ಟಲು ಹಿಡಿದು ಅವಳು ಮೆಟ್ಟಿಲೇರುತ್ತಾಳೆ, ನೀರೂ ಅವಳ ಜೊತೆ ಏರುತ್ತದೆ. ಪಾದಕ್ಕೆ, ಮೊಣಕಾಲಿಗೆ, ನಡುವಿಗೆ. ಐದನೆಯ ಮೆಟ್ಟಿಲಿಗೆ ಭಾಗೀರತಿ ಇಲ್ಲ. ದೌರ್ಜನ್ಯ ಒಮ್ಮೆಲೇ ಬಂದು ಮುಳುಗಿಸುವುದಿಲ್ಲ ಎಂಬುದನ್ನು ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಮೊದಲು ಕೊಂಕು ಮಾತು, ಆಮೇಲೆ ದುಡ್ಡಿನ ಬೇಡಿಕೆ, ಆಮೇಲೆ ಕೆನ್ನೆಗೆ ಏಟು. ನೀರು ಪಾದಕ್ಕೆ ಬಂದಾಗ ಇದೇನು ಮಹಾ ಎನ್ನುತ್ತೇವೆ. ನಡುವಿಗೆ ಬಂದಾಗ ಹೆಜ್ಜೆ ಕೀಳಲು ಆಗುವುದಿಲ್ಲ.

ದಂಡಿನಲ್ಲಿದ್ದ ಗಂಡನಿಗೆ ಕೆಟ್ಟ ಕನಸು ಬೀಳುತ್ತದೆ, ಓಡಿ ಬರುತ್ತಾನೆ, ಕೊನೆಗೆ ಅವನೂ ಅದೇ ಕೆರೆಗೆ ಹಾರುತ್ತಾನೆ. ಸೊಸೆಯನ್ನು ನುಂಗಿ ತುಂಬಿದ ಕೆರೆ ಮಗನನ್ನೂ ನುಂಗಿತು. ಕೆಲವರು ಇದನ್ನು ತ್ಯಾಗದ ಕಥೆ ಎನ್ನುತ್ತಾರೆ, ಇನ್ನು ಕೆಲವರು ಕೊಲೆಯ ಕಥೆ ಎನ್ನುತ್ತಾರೆ. ಬರಗೂರು ರಾಮಚಂದ್ರಪ್ಪನವರು 2012ರಲ್ಲಿ ಇದನ್ನು 'ಭಾಗೀರತಿ' ಎಂಬ ಸಿನಿಮಾ ಮಾಡಿದರು. ಹಾಡು ಇನ್ನೂ ಸತ್ತಿಲ್ಲ, ಯಾಕೆಂದರೆ ಆ ಕೆರೆ ಇನ್ನೂ ಬತ್ತಿಲ್ಲ.

ಇನ್ನೊಂದು ಕಥೆ 'ಹೂವಾದ ಹುಡುಗಿ'. ಎ.ಕೆ. ರಾಮಾನುಜನ್ ಕನ್ನಡದ ಹೆಂಗಸರ ಬಾಯಿಂದ ಸಂಗ್ರಹಿಸಿದ್ದು. ಬಡವರ ಮನೆಯ ಹುಡುಗಿ. ಉಗುರು ತಾಕದಂತೆ ಒಂದು ಕೊಡ ನೀರು ಹೊಯ್ದರೆ ಹೂವಿನ ಮರವಾಗುತ್ತಾಳೆ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ದೊರೆಯ ಮಗ ಮೆಚ್ಚಿ ಮದುವೆಯಾಗುತ್ತಾನೆ. ಆದರೆ ಅವನಿಗೂ ದಿನಾ ರಾತ್ರಿ ಹೂವು ಬೇಕು. ಮುಂದೆ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಬಲವಂತ ಮಾಡಿ ಮರವಾಗಿಸುತ್ತಾಳೆ. ಗೆಳತಿಯರ ಗುಂಪು ಕೊಂಬೆ ಮುರಿದು, ಎಲೆ ಹರಿದು, ಎರಡನೆಯ ಕೊಡವನ್ನು ಸರಿಯಾಗಿ ಹೊಯ್ಯದೆ ಹೊರಟುಹೋಗುತ್ತದೆ. ಅವಳು ಅತ್ತ ಮರವೂ ಅಲ್ಲ, ಇತ್ತ ಹೆಣ್ಣೂ ಅಲ್ಲ, ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಗಿರೀಶ್ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂದು ಹಿಂದಿಯಲ್ಲಿ ಸಿನಿಮಾ ಮಾಡಿದಾಗ ಕಾಡಿನ ನಾಶದ ಮಾತೂ ಅದರಲ್ಲಿ ಸೇರಿತು.

ಸೊಸೆ ಕೊಡುವವರೆಗೆ ಲಕ್ಷ್ಮಿ. ಕೊಡುವುದು ನಿಂತ ದಿನ ಮುರಿದ ಕೊಂಬೆ. ಅವಳು ಮತ್ತೆ ಹೆಣ್ಣಾದದ್ದು ಹೇಗೆ ಎಂಬುದನ್ನೂ ಕಥೆ ಹೇಳುತ್ತದೆ. ಗಂಡ ಅಲೆದು ಬಂದು, ಅವಳು ಹೇಳಿದಂತೆಯೇ ಕೇಳಿ, ಮುರಿದ ಒಂದೊಂದೇ ಕೊಂಬೆಯನ್ನು ಜೋಡಿಸಿ ನೀರು ಹೊಯ್ದ ಮೇಲೆ. ಹೂವು ಕೇಳುವುದನ್ನು ಬಿಟ್ಟು ಅವಳ ಮಾತು ಕೇಳಿದ ಮೇಲೆ.

ಈಗ ಸಿನಿಮಾ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು, ಯು.ಆರ್. ಅನಂತಮೂರ್ತಿಯವರ ಕಥೆ. ವಿಧವೆ ಯಮುನಾ ಬಸಿರಾದಳೆಂದು ಅವಳ ತಂದೆಯೇ ಗಡಿಗೆ ಒಡೆದು, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಇಲ್ಲಿ ಗಡಿಗೆಯೆಂದರೆ ಅವಳ ದೇಹ, ಅವಳ ಗರ್ಭ. ಬಸಿರಿಗೆ ಕಾರಣನಾದ ಗಂಡಸಿನ ಹೆಸರಿನಲ್ಲಿ ಯಾವ ಗಡಿಗೆಯೂ ಒಡೆಯುವುದಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು. ಅಲ್ಲಿ ಸಂಕೇತ ಕೂದಲು. ಬಾಲವಿಧವೆ ಫಣಿಯಮ್ಮ ತಲೆ ಬೋಳಿಸಿಕೊಂಡು ಬಾಯಿ ಮುಚ್ಚಿ ಬದುಕಿದವಳು. ಆದರೆ ಮನೆಯ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಿಣಿ ನಾನು ತಲೆ ಕೊಡುವುದಿಲ್ಲ ಎಂದಾಗ ಅವಳ ಪರ ನಿಲ್ಲುತ್ತಾಳೆ. ಭಾಗೀರತಿಯ ಗೆಳತಿ ಮಾಡದ ಕೆಲಸವನ್ನು ಈ ಮುದುಕಿ ಮಾಡಿದಳು. ನಾನು ಅನುಭವಿಸಿದೆ, ನೀನೂ ಅನುಭವಿಸು ಎನ್ನಲಿಲ್ಲ.

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ 'ಶರಪಂಜರ'ವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು ಎಂದು ಸುತ್ತಲಿನವರು ನೋಡುತ್ತಾರೆ. ಒಂದೊಂದು ನೋಟವೂ ಒಂದೊಂದು ಬಾಣ. ಹೊಡೆತ ತಿಂದವಳು ದೂರು ಕೊಡಲು ಹೋದರೆ 'ಅವಳಿಗೆ ತಲೆ ಸರಿಯಿಲ್ಲ' ಎನ್ನುವ ಗಂಡಂದಿರನ್ನು ಕಂಡವರಿಗೆ ಆ ಪಂಜರದ ಪರಿಚಯವಿದೆ.

ಎಲ್ಲ ಸಂಕೇತವೂ ನಮ್ಮ ಪರವಾಗಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟು ಸಿನಿಮಾಗಳಲ್ಲಿ, ಈಗ ಎಷ್ಟು ಧಾರಾವಾಹಿಗಳಲ್ಲಿ, ಒದೆ ತಿಂದ ಹೆಂಡತಿ ತಾಳಿಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ! ಹಿನ್ನೆಲೆಯಲ್ಲಿ ಗಂಟೆ ಮೊಳಗುತ್ತದೆ, ದೀಪ ಉರಿಯುತ್ತದೆ. ಸಹಿಸುವವಳು ದೇವಿ, ಕೇಳುವವಳು ಬಜಾರಿ ಎಂದು ಆ ದೀಪ, ಗಂಟೆ ನಮಗೆ ಮಾತಿಲ್ಲದೆ ಕಲಿಸುತ್ತವೆ. ನಾವು ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ. ಹಾಗಾಗಿ ಕಥೆ ಕೇಳುವಾಗ, ಸಿನಿಮಾ ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಸ್ತು ಇಲ್ಲಿ ಏನು ಹೇಳುತ್ತಿದೆ? ಇದರಿಂದ ಲಾಭ ಯಾರಿಗೆ? ಇದರಲ್ಲಿ ಯಾರ ಬಾಯಿ ಮುಚ್ಚಿದೆ?

ಇದೇ ಕಿವಿ ನಮ್ಮ ಸಂಘದಲ್ಲೂ ಬೇಕು. ವಾರದ ಸಭೆಗೆ ಬಂದ ಹೆಣ್ಣುಮಗಳು ನನ್ನನ್ನು ಕೊಲ್ಲುತ್ತಾರೆ ಎಂದು ಹೇಳುವುದಿಲ್ಲ. ಬಾಗಿಲು ತಾಕಿತು, ಮೆಟ್ಟಿಲಿಂದ ಜಾರಿದೆ ಎನ್ನುತ್ತಾಳೆ. ಸೆಖೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಬರುತ್ತಾಳೆ. ಓಲೆ ಕಾಣದಿದ್ದರೆ ರಿಪೇರಿಗೆ ಕೊಟ್ಟಿದ್ದೇನೆ ಎನ್ನುತ್ತಾಳೆ. ಕಂತು ತಪ್ಪಿದ್ದಕ್ಕೆ ಪಾಸ್‌ಬುಕ್ ಮುಂದಿಟ್ಟುಕೊಂಡು ಗದರುವ ಮೊದಲು, ಎತ್ತಿದ ಸಾಲ ಯಾರ ಕೈ ಸೇರಿತು ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ. 'ಬೇರೆ ಇಡುತ್ತಾರಂತೆ' ಎಂಬ ಮಾತಿನ ಹಿಂದೆ ಕೆರೆ ಇರಬಹುದು.

ಕಾನೂನು ಕೂಡ ಈ ಮೆಟ್ಟಿಲುಗಳನ್ನು ನಿಧಾನವಾಗಿ ಕಲಿಯಿತು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಅಪರಾಧವೆಂದು 498ಎ ಕಲಂ ಬಂದದ್ದು 1983ರಲ್ಲಿ. ಮದುವೆಯಾದ 7 ವರ್ಷದೊಳಗಿನ ವರದಕ್ಷಿಣೆ ಸಾವಿಗೆ 304ಬಿ ಕಲಂ 1986ರಲ್ಲಿ ಸೇರಿತು. 2024ರ ಜುಲೈ 1ರಿಂದ ಇವು ಭಾರತೀಯ ನ್ಯಾಯ ಸಂಹಿತೆಯ 85, 86 ಮತ್ತು 80ನೇ ಕಲಂಗಳಾಗಿವೆ. ನೀರು ಪಾದಕ್ಕೆ ಬಂದಾಗಲೇ ಕೈ ಹಿಡಿಯುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಬೈಗುಳ, ಮನೆ ಖರ್ಚಿಗೆ ದುಡ್ಡು ಕೊಡದಿರುವುದು, ಮನೆಯಿಂದ ಹೊರಹಾಕುವುದೂ ಇದರಲ್ಲಿ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಇದು ಕೊಡುತ್ತದೆ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, 181ಕ್ಕೆ ಫೋನ್ ಮಾಡಬಹುದು, ಪ್ರಾಣಾಪಾಯವಿದ್ದರೆ 112ಕ್ಕೆ.

ಆದರೆ ಕಾನೂನಿನ ಬಾಗಿಲಿಗೆ ಹೋಗುವ ಮೊದಲು ಅವಳು ಗೆಳತಿಯ ಬಾಗಿಲಿಗೆ ಬರುತ್ತಾಳೆ. ಆ ಬಾಗಿಲು ನಮ್ಮ ಸಂಘ. ಇಟ್ಟಂತೆ ಇರು ಎಂದು ಹೇಳಿ ಕಳಿಸುವ ಗೆಳತಿಯರು ಭಾಗೀರತಿಗೆ ಸಾಕಷ್ಟು ಸಿಕ್ಕಿದ್ದಾರೆ. ಒಳಗೆ ಕರೆದು, ಬಾಗಿಲು ಹಾಕಿ, 'ಆ ಬಟ್ಟಲು ಅಲ್ಲೇ ಇರಲಿ, ನೀನು ಹೋಗಬೇಡ, ನಾವಿದ್ದೇವೆ' ಎಂದು ಹೇಳುವ ಇಪ್ಪತ್ತು ಜನ ಒಂದೊಂದು ಊರಿನಲ್ಲೂ ಇದ್ದರೆ ಆ ಹಾಡಿಗೆ ಬೇರೆ ಕೊನೆ ಕಟ್ಟಬಹುದು.